ಬ್ಲೋವರ್ ಕಿತ್ತ ರೈಲ್ವೆ ಕಾಕಾ

ಡಮ್ ಡಮ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡದ ಕಾಕಾ ರೈಲ್ವೆಯ ಸಿಗ್ನಲ್ ವಿಭಾಗದವರು. ಸಿಟ್ಟು ಬಂದರೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಯಾರಾದರೂ "ಹೇಗೋ ನಡೀತಿದೆ" ಅಂದರೆ ಸಾಕು, "ನಡದೈತಿ ಅಂದ್ರ ಸರಿ ಐತಿ ಅಂತಲ್ಲ!" ಎಂದು ಗುಡುಗುತ್ತಿದ್ದರು.

ಸೆಕ್ಟರ್ ಫೈವ್‌ಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ನಮ್ಮ ಕನ್ನಡ ಸಂಘ ಒಂದು ಮಧ್ಯಾಹ್ನ ಬಾಡಿಗೆಯ ಹಾಲ್‌ನಲ್ಲಿ ಊಟ ಇಟ್ಟುಕೊಂಡಿತ್ತು. ಸೌದೆ ಒಲೆಗೆ ಗಾಳಿ ಊದುವ ಹಳೆಯ ಬ್ಲೋವರ್ ಸುಟ್ಟುಹೋಗಿ, ಕಾರ್ಯದರ್ಶಿ ಹೊಸದನ್ನು ತಂದು ತಾವೇ ಜೋಡಿಸಿದ್ದರು. ಅಡಿಗೆಗೆ ಬಂದಿದ್ದ ಉಡುಪಿಯ ಅಕ್ಕ ಕಾಕಾನ ಬಳಿ ಬಂದು, "ಮುಟ್ಟಿದ್ರೆ ಜುಂ ಅಂತದೆ ಮಾರಾಯ್ರೆ. ಬೆಳಿಗ್ಗೆಯಿಂದ ಹೇಳ್ತಾ ಇದ್ದೇನೆ, ಯಾರೂ ಕೇಳುದಿಲ್ಲ" ಅಂದರು.

ಕಾಕಾ ಸ್ವಿಚ್ ಆರಿಸಿ ಬ್ಲೋವರಿನ ಕಬ್ಬಿಣದ ಮೈಗೆ ಟೆಸ್ಟರ್ ಹಿಡಿದರು. ಆಗಲೂ ಟೆಸ್ಟರಿನ ದೀಪ ಹೊತ್ತಿತು. ಸ್ವಿಚ್ಚನ್ನು ತಪ್ಪು ತಂತಿಗೆ ಕೊಟ್ಟಿದ್ದರಿಂದ ಆರಿಸಿದರೂ ಒಳಗೆ ಕರೆಂಟು ಇದ್ದೇ ಇತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ತಿಂಗಿನ ಹಸಿರು ತಂತಿಯನ್ನು ಕತ್ತರಿಸಿ ಬಿಟ್ಟಿದ್ದರು. ಆ ಹಾಲ್‌ನ ಪ್ಲಗ್ಗಿನಲ್ಲೂ ಅರ್ತಿಂಗ್ ಇರಲಿಲ್ಲ. ಕನ್ನಡಕ ಜೇಬಿಗೆ ಹೋಯಿತು.

"ಇವತ್ತೊಂದಿನ ಬಿಡಿ ಸಾರ್, ಗೆಸ್ಟ್ ಬಂದುಬಿಟ್ರು," ಎಂದರು ಕಾರ್ಯದರ್ಶಿ.

"ಹಂಗಾರ ನೀವ ಹಿಡೀರಿ! ಹಿಡೀರಿ, ನೋಡೂಣು!"

ಕಾರ್ಯದರ್ಶಿ ಕೈ ಹಿಂದಕ್ಕೆಳೆದುಕೊಂಡರು.

"ಆಕೀದು ಜೀವ ಅಲ್ಲೇನು?" ಎನ್ನುತ್ತಾ ಕಾಕಾ ಪ್ಲಗ್ ಕಿತ್ತು, ತಂತಿಯನ್ನು ಬುಡಕ್ಕೇ ಕತ್ತರಿಸಿಬಿಟ್ಟರು.

ಹಸಿ ಸೌದೆ ಹೊಗೆಯಾಡಿತು. ಅತಿಥಿಗಳು ಗೊಣಗಿದರು. ಸಂಘದವರು ಯಾರೂ ಕಾಕಾನ ಮುಖ ನೋಡಲಿಲ್ಲ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಕ್ಕನ ಕೈಯಿಂದ ಊದುಕೊಳವೆ ಇಸಿದುಕೊಂಡು ಊದತೊಡಗಿದರು. ಒಂದು ಸಲ ಊದುವುದು, ಒಂದು ಸಲ ಬೈಯುವುದು. ಅನ್ನ ಬೇಯುವ ತನಕ ಎರಡೂ ನಿಲ್ಲಲಿಲ್ಲ.