ಪಾಂಡವರ ಮನೆಯಲ್ಲಿ ಒಂದು ಮಧ್ಯಾಹ್ನ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಮದ್ದೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸಮಾಜ ವಿಜ್ಞಾನ ಹೇಳಿಕೊಟ್ಟಿದ್ದೇನೆ. ‘ಈ ಮೇಡಂ ಕೈಗೆ ಸಿಕ್ಕರೆ ದೆವ್ವವನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಾರೆ’ ಎಂದು ಜೊತೆಯ ಮೇಷ್ಟ್ರುಗಳು ಗೇಲಿ ಮಾಡುತ್ತಿದ್ದರು. ನನಗೆ ಅದು ಹೆಮ್ಮೆಯ ಮಾತೇ ಆಗಿತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿ ಸಾವಿತ್ರಿ ಫೋನು ಮಾಡಿದಳು. ಗಂಡನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಆತಗೂರಿನ ಹತ್ತಿರದ ತವರಿಗೆ ಬಂದಿದ್ದಳು. ಅಣ್ಣ-ಅತ್ತಿಗೆಯ ಮನೆಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ತಾಯಿ ಕೆಂಪಮ್ಮ ತಮ್ಮ ಪಾಲಿನ ದಿಬ್ಬದ ಮೇಲೆ ಅವಳಿಗೆ ಎರಡು ಕೋಣೆ ಕಟ್ಟಿಸಲು ಹೊರಟಿದ್ದರು. ಆದರೆ ದಿಬ್ಬದ ನೆತ್ತಿಯಲ್ಲಿ ಊರವರು ಪಾಂಡವರ ಮನೆ ಎನ್ನುವ ಕಲ್ಲುಗಳಿದ್ದವು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ್ದು. ಮುಂದಿನ ಚಪ್ಪಡಿಯಲ್ಲಿ ಒಬ್ಬರು ನುಸುಳುವಷ್ಟು ದುಂಡನೆಯ ಕಿಂಡಿ. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ, ಸಾವಿರಾರು ವರ್ಷ ಹಿಂದಿನವರ ಸಮಾಧಿ ಅದು. ಪಾಠ ಮಾಡುವಾಗ ಅಂಥದ್ದರ ಚಿತ್ರ ತೋರಿಸಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಒಂದು ಸಲ ಬಂದು ನೋಡಿ ಎಂದು ಸಾವಿತ್ರಿ ಕರೆದಳು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ.

ದಿಬ್ಬದ ಕೆಳಗೆ ಹುಣಸೇಮರದಡಿ ಕೆಂಪಮ್ಮ ನನ್ನ ಕೈ ಹಿಡಿದುಕೊಂಡರು.

“ನೀವು ಓದ್ಕಂಡೋರು ಮೇಡಮ್ಮ. ಒಳೀಕೋಗಿ ನೋಡ್ಬುಟ್ಟು ಏಳಿ. ಬರೀ ಕಲ್ಲು ಅಂದ್ರೆ ನಾಳೀಕೇ ಜೆಸಿಬಿ ತರುಸ್ತೀನಿ. ಯಾರಾರ ಅವ್ರೆ ಅಂದ್ರೆ ಮುಟ್ಟಾಕಿಲ್ಲ. ಇನ್ನೊಬ್ರ ಮನೆ ಕೆಡವಿ ನನ್ ಮಗ್ಳಿಗೆ ಮನೆ ಕಟ್ಟಾದು ಬ್ಯಾಡ.”

ಸಾವಿತ್ರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬರೀ ಕಲ್ಲು ಎಂದು ಹೇಳಿಬಿಡುವುದೆಂದು ನಾನು ಆಗಲೇ ತೀರ್ಮಾನಿಸಿದೆ. ಚರಿತ್ರೆ ಹೇಳಿಕೊಡುವವಳು ಹಾಗೆ ಯೋಚಿಸಬಾರದಿತ್ತು, ನಿಜ. ಆದರೆ ಸತ್ತವರ ಮನೆಗಿಂತ ಆ ಹುಡುಗಿಗೊಂದು ಸೂರು ದೊಡ್ಡದು ಅನ್ನಿಸಿತು.

ಅವರಿಬ್ಬರೂ ಮೇಲೆ ಬರಲು ಒಪ್ಪಲಿಲ್ಲ. ಒಬ್ಬಳೇ ಹತ್ತಿ, ಚಪ್ಪಲಿ ಬಿಟ್ಟು, ಸೆರಗು ಬಿಗಿದು ಕಿಂಡಿಯೊಳಗೆ ನುಸುಳಿದೆ. ಹೊರಗೆ ಸುಡುವ ಬಿಸಿಲು, ಒಳಗೆ ತಣ್ಣಗೆ. ತರಗೆಲೆ, ಒಂದು ಮುಳ್ಳುಹಂದಿಯ ಮುಳ್ಳು, ನೆಲದ ಮೇಲೆ ಕಿಂಡಿಯಿಂದ ಬಿದ್ದ ಬೆಳಕು. ಗಾರೆಯಿಲ್ಲದೆ ಚಪ್ಪಡಿಗಳನ್ನು ಹೇಗೆ ಕೂಡಿಸಿದರಪ್ಪ ಎಂದು ಸಂದುಗಳನ್ನು ಸವರುತ್ತಾ ಖುಷಿಯಲ್ಲಿ ಮೈಮರೆತಿದ್ದೆ.

ಆಗ ಕಿಂಡಿಯ ಆಚೆ ಯಾರೋ ಕೆಮ್ಮಿದರು.

ಕಾಯಿಲೆಯ ಕೆಮ್ಮಲ್ಲ. ವಯಸ್ಸಾದವರು ಗಂಟಲು ಸರಿಮಾಡಿಕೊಳ್ಳುವ ಹಾಗೆ, ಮೆಲ್ಲಗೆ, ಎರಡು ಸಲ. ಕೆಂಪಮ್ಮನೇ ಮನಸ್ಸು ಬದಲಿಸಿ ಬಂದರೆಂದುಕೊಂಡು, “ಬಂದೆ ಕಣಮ್ಮ, ಒಂದು ನಿಮಿಷ” ಎಂದೆ. ತೆವಳಿ ಹೊರಗೆ ಬಂದರೆ ಯಾರೂ ಇಲ್ಲ. ಬೋಳು ದಿಬ್ಬ, ಅವಿತುಕೊಳ್ಳಲು ಒಂದು ಗಿಡವಿಲ್ಲ. ತಾಯಿ ಮಗಳು ಕೆಳಗೆ ಮರದಡಿ ಕೂತಲ್ಲೇ ಕೂತಿದ್ದರು. ಕುರಿ ಇರಲಿಲ್ಲ, ನವಿಲು ಇರಲಿಲ್ಲ, ಗಾಳಿಯೂ ಇರಲಿಲ್ಲ. ಸುತ್ತಲೂ ಎರಡು ಸಲ ಹುಡುಕಿದೆ.

ಇಳಿಯುವಾಗ ಒಂದು ವಿಷಯ ಹೊಳೆದು ಕಾಲು ನಿಂತುಬಿಟ್ಟಿತು. ಪಿತೃಪಕ್ಷದಲ್ಲಿ ನಮ್ಮ ಕಡೆ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ. ಸತ್ತವರು ಬಂದು ಉಣ್ಣುತ್ತಾರೆಂದು ನಂಬಿಕೆ. ಬಾಗಿಲು ತೆಗೆಯುವ ಮುಂಚೆ ಮನೆಯ ಹಿರಿಯರೊಬ್ಬರು ಕೆಮ್ಮುತ್ತಾರೆ. ನಾವು ಬರುತ್ತಿದ್ದೇವೆ, ಏಳಿ ಎಂದು ಒಳಗಿರುವವರಿಗೆ ತಿಳಿಸುವ ಮರ್ಯಾದೆ ಅದು. ನನಗೆ ಕೇಳಿಸಿದ್ದು ಆ ಕೆಮ್ಮೇ. ಆದರೆ ಒಳಗೆ ಇದ್ದವಳು ನಾನು, ಬಾಗಿಲಾಚೆ ಕಾದವರು ಅವರು.

“ಒಳಗೆ ಯಾರಾರ ಅವ್ರಾ?” ಕೆಂಪಮ್ಮ ಕೇಳಿದರು.

ಸಾವಿತ್ರಿಯ ಮುಖ ನೋಡಿದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು, ಆಗಲಿಲ್ಲ. “ಒಳಗೆ ಯಾರೂ ಇಲ್ಲ. ಹೊರಗೆ ಹೋಗಿದ್ದರು ಅಂತ ಕಾಣುತ್ತೆ” ಎಂದುಬಿಟ್ಟೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ.

ಕೆಂಪಮ್ಮ ನಗಲಿಲ್ಲ. “ಅಂಗಾರೆ ಕೆಳೀಕೆ ಕಟ್ಟವ ಬುಡಿ” ಎಂದರು.

ಕಿಂಡಿಯಲ್ಲಿ ಗಾಳಿ ಹಾಗೆ ಸದ್ದು ಮಾಡುತ್ತದೆ, ಕಲ್ಲು ಬಿಸಿಲಿಗೆ ಸಿಡಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಗಾಳಿ, ಕಲ್ಲು ಎರಡು ಸಲ ಕೆಮ್ಮಿ ಕಾಯುತ್ತವೆಯೇ?

ದಿಬ್ಬದ ಬುಡದಲ್ಲಿ ಈಗ ಸಾವಿತ್ರಿಯ ಎರಡು ಕೋಣೆಯ ಮನೆಯಿದೆ. ಹೋದ ವರ್ಷ ಎಡೆಗೆ ಕರೆದಿದ್ದಳು. ಕೆಂಪಮ್ಮ ಒಂದು ಎಡೆ ಮನೆಯೊಳಗೆ, ಒಂದು ಮೇಲೆ ಕಲ್ಲಿನೊಳಗೆ ಇಟ್ಟು ಬಂದರು. ಬಾಗಿಲು ಮುಂದೆ ಮಾಡಿ ಅಂಗಳದಲ್ಲಿ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಸಾವಿತ್ರಿ, “ನೀವೇ ಕೆಮ್ಮಿ ಮೇಡಂ” ಎಂದಳು.

ಎದುರಿಗೆ ಅವಳ ಮನೆಯ ಬಾಗಿಲು, ಬೆನ್ನ ಹಿಂದೆ ದಿಬ್ಬ. ಯಾವ ಕಡೆಗೆ ತಿರುಗಿ ಕೆಮ್ಮಬೇಕೆಂದು ನನಗೆ ತಿಳಿಯಲಿಲ್ಲ.