ಸಾಸಿವೆಯಷ್ಟು ಕೆಂಪು

ಕಾವಲಿನ ಕಪ್ಪು ಕೋಟು ಎಷ್ಟೇ ಇಸ್ತ್ರಿಯಾಗಿದ್ದರೂ, ಆ ಆಂಟಿಯ ಬಲ ಹೆಬ್ಬೆರಳಿನ ಉಗುರು ಮಾತ್ರ ಸದಾ ಅರಿಶಿನದ ಹಳದಿ. ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯವೊಂದರ ಕೋಣೆಯಲ್ಲಿ, ಎಡಗಾಲಿಗೆ ಭಾರ ಹಾಕಿ, ಕೈ ಹಿಂದೆ ಕಟ್ಟಿ ನಿಂತಿರುತ್ತಿದ್ದರು.

ಅಲ್ಲಿದ್ದುದು ಒಂದೇ ದೊಡ್ಡ ತೈಲಚಿತ್ರ. ಎಪ್ಪತ್ತು ವರ್ಷಗಳ ಹಿಂದೆ ಒಬ್ಬ ಅಮೆರಿಕನ್ ಕಲಾವಿದ ಬಳಿದ ಕಡುಗೆಂಪು, ಅದರ ಮೇಲೆ ಅಡ್ಡಲಾಗಿ ಕಪ್ಪು. ಆಕೃತಿ ಎಂಬುದೇ ಇಲ್ಲ. ಮೊದಲ ಸಲ ಆಫೀಸಿನ ಗೆಳೆಯನೊಂದಿಗೆ ಹೋದಾಗ, ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ಕನ್ನಡದಲ್ಲೇ ಅಂದೆ: "ಪಾಪ ಕಣೋ ಆ ಆಂಟಿ, ದಿನವಿಡೀ ಇದನ್ನೇ ನೋಡಿ ತಲೆ ಕೆಟ್ಟಿರುತ್ತೆ."

"ಇನ್ನೂ ಕೆಟ್ಟಿಲ್ರೀ," ಎಂದಿತು ಹಿಂದಿನಿಂದ ಧಾರವಾಡದ ದನಿ. "ನೀವು ಒಂದ್ ಹೆಜ್ಜಿ ಹಿಂದಕ್ಕ ಸರೀರಿ."

ಆಮೇಲೆ ಪ್ರತಿ ಶನಿವಾರ ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್ ಬಡಾವಣೆಯಿಂದ ಒಬ್ಬನೇ ಡ್ರೈವ್ ಮಾಡಿಕೊಂಡು ಹೋಗತೊಡಗಿದೆ. ಚಿತ್ರದ ಅರ್ಥ ಕೇಳಿದರೆ ಆಂಟಿಗೆ ರೇಗುತ್ತಿತ್ತು. "ಏನು ಅಂತ ಕೇಳಬ್ಯಾಡ್ರಿ. ಸುಮ್ಮನ ನಿಂದರ್ರಿ." ಹತ್ತು ನಿಮಿಷ ನಿಂತರೆ ಕಪ್ಪಿನ ಅಡಿಯಿಂದ ಇನ್ನೊಂದು ಕೆಂಪು ಮೇಲೆ ಬರುತ್ತಿತ್ತು. ಕೆಳಗಿನ ಎಡಮೂಲೆಯಲ್ಲಿ ಬಣ್ಣ ದಪ್ಪಗೆ ಗಡ್ಡೆಗಟ್ಟಿತ್ತು. "ಇಲ್ಲಿ ಅವಗ ಸಿಟ್ಟು ಬಂದದ ನೋಡ್ರಿ," ಅನ್ನುತ್ತಿದ್ದರು ಆ ಕಲಾವಿದನನ್ನು ಕುರಿತು, ಮನೆಯವರೊಬ್ಬರ ಬಗ್ಗೆ ಹೇಳುವಂತೆ.

ಒಂದು ಶನಿವಾರ ಅವರು ಯಾರೋ ಅಜ್ಜಿಗೆ ದಾರಿ ತೋರಿಸುತ್ತಿದ್ದರು. ಚಿತ್ರ ನೆಲದಿಂದ ಗೇಣಷ್ಟೇ ಮೇಲಿತ್ತು. ಆ ಮೂಲೆ ನೋಡಲು ಮುಂದೆ ಹೋದ ನನ್ನ ಬೂಟಿನ ತುದಿ ಅಂಚಿಗೆ ತಾಗಿತು. ಪುಸ್ತಕಕ್ಕೆ ಕಾಲು ತಾಗಿದಾಗ ಮಾಡುವಂತೆ, ಯೋಚಿಸುವ ಮೊದಲೇ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಒಣಗಿದ ಬಣ್ಣ ಸಾಸಿವೆಯಷ್ಟು ಕಿತ್ತು ಬೆರಳಿಗೆ ಅಂಟಿತ್ತು.

ಸುತ್ತು ಹೊಡೆಯುತ್ತ ಬಂದ ಮೇಲ್ವಿಚಾರಕನಿಗೆ ಬಣ್ಣ ಹೋದಲ್ಲಿನ ಬಿಳಿ ಚುಕ್ಕೆ ಕಂಡಿತು. ಮುಟ್ಟಿದವರು ಯಾರೆಂದು ಆಂಟಿಯನ್ನು ಕೇಳಿದ. ಅವರು ನನ್ನತ್ತ ತಿರುಗಿದರು. ನನ್ನ ಕೈ ಆಗಲೇ ಜೇಬಿನಲ್ಲಿತ್ತು. ಅವರು ಕಾದರು. ಎಷ್ಟು ಹೊತ್ತೆಂದು ಸರಿಯಾಗಿ ಹೇಳಲಾರೆ, ಆದರೆ ಕಾದರು. ಬಳಿಕ, ತಾನು ಬೇರೆ ಕಡೆ ನೋಡುತ್ತಿದ್ದೆ, ತಪ್ಪು ತನ್ನದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನು ಹೋದ ಮೇಲೆ ನನ್ನ ರೆಪ್ಪೆಯತ್ತ ಬೆರಳು ತೋರಿದರು.

"ಮಾರಿ ತೊಳಕೊಳ್ರಿ. ಬಣ್ಣ ಹತ್ತೇದ."

ಮುಂದಿನ ವಾರ ಅವರನ್ನು ಕೆಳಗಡೆ, ಬಂದವರ ಚೀಲ ತೆಗೆದಿಡುವ ಕೌಂಟರಿಗೆ ಹಾಕಿದ್ದರು. ನಾನು ಹೋಗುವುದನ್ನೇ ಬಿಟ್ಟೆ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕನ್ನಡ ಸಂಘದವರಿಂದ ಸುದ್ದಿ ತಿಳಿದು ಅವರ ಮನೆಗೆ ಹೋದಾಗ ಬಾಗಿಲಲ್ಲೇ ಮಗಳು ಕೇಳಿದಳು: "ಯು ಆರ್ ದ ಸ್ಯಾಟರ್ಡೇ ಅಂಕಲ್, ರೈಟ್? ಅಮ್ಮ ಆ ಪೇಂಟಿಂಗ್ ತುಂಬಾ ಮಿಸ್ ಮಾಡ್ತಿದ್ಲು. ವಾಟ್ ಡಿಡ್ ಶೀ ಸೀ ಇನ್ ಇಟ್?"

ಎಡಮೂಲೆಯ ಸಿಟ್ಟಿನ ಬಗ್ಗೆ ಹೇಳಿದೆ. ಅವಳು ಅಳುತ್ತಲೇ ನಕ್ಕು, "ಥ್ಯಾಂಕ್ಯೂ ಅಂಕಲ್" ಎಂದಳು. ಆ ಮೂಲೆಯ ಬಿಳಿ ಚುಕ್ಕೆಯ ಬಗ್ಗೆ ಹೇಳಲು ಅಂದೂ ನನಗೆ ಬಾಯಿ ಬರಲಿಲ್ಲ.