ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು

ಪುಟ್ಟಮಾದಯ್ಯನವರು ಕಂಪ್ಯೂಟರ್ ಮುಂದೆ ಕೂತರೆ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುವುದು. ಹಾಗೇ ಕೂತು, ಕತ್ತು ಮುಂದೆ ಚಾಚಿ, ತುಟಿ ಅಲ್ಲಾಡಿಸುತ್ತ ಪರದೆಯ ಮೇಲಿದ್ದುದನ್ನೆಲ್ಲ ಕೊನೆಯವರೆಗೆ ಓದುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇವರಿಗೆ ಚಳಿಯಿರಬೇಕು ಅಂದುಕೊಂಡು ಫ್ಯಾನ್ ಆರಿಸಿದ್ದೆ.

"ಚಳಿಯಲ್ಲ ಕಣಮ್ಮ, ಕೈ ತುರಿಕೆ," ಅಂದರು. "ಪೇಪರ್‌ನಲ್ಲಿ ತಿದ್ದೀ ತಿದ್ದೀ ಕೆಟ್ಟೋಗಿರೋ ಕೈ. ತಪ್ಪು ಕಂಡ್ರೆ ತಾನಾಗೇ ಹೋಗ್ಬುಡ್ತದೆ. ಅದುಕ್ಕೇ ಕಟ್ಟಾಕಿರೋದು."

ನಮ್ಮ ಆಫೀಸು ಕುವೆಂಪುನಗರದಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿತ್ತು. ಮಾಲೀಕ ಸುನಿಲ್, ನಲವತ್ತು ದಾಟದವನು. ಬೋರ್ಡಿನಲ್ಲಿ ಏನೇನೋ ದೊಡ್ಡ ಮಾತು ಬರೆಸಿದ್ದ. ಉಪ್ಪು ಖಾರ ಹಚ್ಚದೆ ಹೇಳುವುದಾದರೆ ದುಡ್ಡಿದ್ದವರ ಹೆಸರನ್ನು ಅಂತರ್ಜಾಲದಲ್ಲಿ ತಿಕ್ಕಿ ತೊಳೆದು ಇಡುವುದು ನಮ್ಮ ಕಸುಬು. ಅದರಲ್ಲಿ ನನ್ನ ಪಾಲಿಗೆ ಮತ್ತು ಪುಟ್ಟಮಾದಯ್ಯನವರ ಪಾಲಿಗೆ ಬಂದದ್ದು ಆನ್‌ಲೈನ್ ವಿಶ್ವಕೋಶ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ನಮ್ಮಂತೆ ಸಂಬಳಕ್ಕೆ ಬರೆಯುವವರು ಪುಟಕ್ಕೆ ನೇರವಾಗಿ ಕೈ ಹಾಕಬಾರದು. ಪುಟದ ಹಿಂದೆ ಚರ್ಚೆಪುಟ ಅಂತ ಒಂದಿರುತ್ತದೆ. ಅಲ್ಲಿಗೆ ಹೋಗಿ, ನನಗೆ ಇಂಥವರು ದುಡ್ಡು ಕೊಡುತ್ತಿದ್ದಾರೆ ಎಂದು ಮೊದಲು ಹೇಳಿಕೊಂಡು, ಆಮೇಲೆ ಇಂಥ ಸಾಲು ತಪ್ಪಿದೆ, ಇಂಥ ಪತ್ರಿಕೆಯ ಆಧಾರವಿದೆ, ದಯವಿಟ್ಟು ತಿದ್ದಿ ಎಂದು ಕೇಳಿಕೊಳ್ಳಬೇಕು. ಎಲ್ಲೋ ಕೂತಿರುವ, ಮುಖ ಕಾಣದ ಸ್ವಯಂಸೇವಕರೊಬ್ಬರು ಆಧಾರ ಪರೀಕ್ಷಿಸಿ, ಸರಿ ಕಂಡರೆ ತಿದ್ದುತ್ತಾರೆ, ಇಲ್ಲವಾದರೆ ಇಲ್ಲ.

ಊರಲ್ಲಿ ಈ ಕಸುಬು ಮಾಡುವ ಬೇರೆಯವರು ಸುಳ್ಳು ಹೆಸರಿನಲ್ಲಿ ಒಳಗೆ ನುಗ್ಗಿ ಬೇಕಾದ್ದು ಬರೆದು ಬರುತ್ತಿದ್ದರು. ಸುನಿಲನಿಗೂ ಅದೇ ಸುಲಭ ಅನ್ನಿಸುತ್ತಿತ್ತು. ಪುಟ್ಟಮಾದಯ್ಯನವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಮನೆ ನಮ್ದಲ್ಲ ಕಣಮ್ಮ. ಬಾಗಿಲಲ್ಲಿ ನಿಂತು ಕೂಗ್ಬೇಕು. ಬನ್ನಿ ಅಂದ್ರೆ ಚಪ್ಪಲಿ ಬುಡೋದು, ಬ್ಯಾಡ ಅಂದ್ರೆ ಹಿಂದಕ್ಕೆ ಬರೋದು," ಅನ್ನುತ್ತಿದ್ದರು. ಒಂದು ಸಲ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: "ನಮ್ಮಪ್ಪ ಜೀವಮಾನ ಪೂರ್ತಿ ಕಂಡೋರ ಬಾಗಿಲಲ್ಲಿ ನಿಂತೇ ಕಾಲ ಕಳುದ್ರು. ನನಗೇನೂ ಇದು ಹೊಸದಲ್ಲ." ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ. ಅವರು ಇಲವಾಲದ ಆಚೆಯ ಒಂದು ಊರಿನ ಕೇರಿಯಿಂದ ಬಂದು, ಮೈಸೂರಿನ ಹಾಸ್ಟೆಲಿನಲ್ಲಿ ಓದಿ, ಪತ್ರಿಕೆಯಲ್ಲಿ ವರದಿಗಾರರಾಗಿ, ಉಪಸಂಪಾದಕರಾಗಿ ನಿವೃತ್ತಿಯಾದವರು. ಅವರ ಮನೆಯ ನಡುಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟವಿರಲಿಲ್ಲ.

ವಿಶೇಷಣ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಗಿರಾಕಿಗಳು ಬರೆದು ಕಳಿಸುತ್ತಿದ್ದ ಕೊಡುಗೈ ದಾನಿ, ದೂರದೃಷ್ಟಿಯ ಹರಿಕಾರ ಇತ್ಯಾದಿಗಳನ್ನು ಓದಿ, "ಇದು ಬದುಕಿರೋರ ಬಗ್ಗೆ ಬರದಿರೋದೋ, ಸತ್ತೋರ ಬಗ್ಗೆಯೋ?" ಎಂದು ಕೇಳಿ ಎಲ್ಲವನ್ನೂ ಹೊಡೆದು ಹಾಕುತ್ತಿದ್ದರು. ಹೊಡೆದು ಹಾಕಿದ ಮೇಲೆ ಹೆಚ್ಚಿನವರ ವಿಷಯದಲ್ಲಿ ಹೆಸರು ಮತ್ತು ಊರು ಮಾತ್ರ ಉಳಿಯುತ್ತಿತ್ತು.

ನಮ್ಮ ಗಿರಾಕಿಗಳಲ್ಲಿ ದೊಡ್ಡವರು ಶಶಿಧರ್. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಒಡೆಯರು. ಅವರಿಗೆ ಯಾವುದೋ ಹೆಸರು ಕೇಳದ ಸಂಸ್ಥೆಯೊಂದು ಹೋಟೆಲಿನ ಸಭಾಂಗಣದಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತ್ತು. ವಿಶ್ವಕೋಶದಲ್ಲಿ ಹೆಸರಿನ ಹಿಂದೆ ‘ಡಾ.’ ಬರಲೇಬೇಕೆಂದು ಹಟ ಹಿಡಿದರು. ಪುಟ್ಟಮಾದಯ್ಯನವರು ನಿಯಮದಂತೆ ಕೇಳಿದರು, ಸ್ವಯಂಸೇವಕರು ಆಗುವುದಿಲ್ಲ ಅಂದರು. ಶಶಿಧರ್ ಫೋನು ಮಾಡಿ, ಆ ವಿಶ್ವಕೋಶದ ಆಫೀಸು ಮೈಸೂರಲ್ಲಿ ಎಲ್ಲಿದೆ, ನಾನೇ ಹೋಗಿ ಮಾತಾಡುತ್ತೇನೆ ಅಂದರು. ಆಫೀಸು ಇಲ್ಲ ಸಾರ್ ಎಂದಿದ್ದಕ್ಕೆ ಅವರು, ಆಫೀಸೇ ಇಲ್ಲದವರಿಗೆ ಇಷ್ಟು ಜಂಬವೇ ಎಂದು ಕೇಳಿದರು. ಹೋಗಿ ಕೂತು, ಕಾಫಿ ಕುಡಿದು, ಕೈ ಕುಲುಕಿ ಸರಿಮಾಡಿಕೊಳ್ಳಲಾಗದ ಜಾಗವೊಂದು ಲೋಕದಲ್ಲಿದೆ ಎಂಬುದೇ ಅವರ ಬುದ್ಧಿಗೆ ಹತ್ತಲಿಲ್ಲ. ಮಾರನೆಯ ದಿನ ಡ್ರೈವರ್ ಕೈಲಿ ಒಂದು ದೊಡ್ಡ ಡಬ್ಬಿ ಮೈಸೂರುಪಾಕು ಬಂತು, ‘ಅವರಿಗೆ’ ತಲುಪಿಸಬೇಕೆಂಬ ಮಾತಿನೊಂದಿಗೆ. ತಲುಪಿಸುವುದೆಲ್ಲಿಗೆ? ನಾವೇ ತಿಂದೆವು. ಪುಟ್ಟಮಾದಯ್ಯನವರು ಎರಡನೆಯ ತುಂಡಿಗೆ ಕೈ ಹಾಕುತ್ತ, "ಲಂಚ ತುಪ್ಪದ್ದಾದ್ರೆ ರುಚಿಯಾಗೇ ಇರ್ತದೆ ಕಣಮ್ಮ," ಅಂದರು.

ಅದಾದ ಸ್ವಲ್ಪ ಕಾಲಕ್ಕೆ ಶಶಿಧರ್ ಅವರ ಪುಟದಲ್ಲಿ ಯಾರೋ ಒಂದು ಸಾಲು ಸೇರಿಸಿದರು. ಚಾಮರಾಜಪುರಂನ ಒಂದು ಶೆಡ್ಡಿನಲ್ಲಿ ಈ ಉದ್ಯಮವನ್ನು ಅವರು ರತ್ನಮ್ಮ ಎಂಬುವರ ಜೊತೆ ಸೇರಿ ಆರಂಭಿಸಿದರು ಎಂದಿತ್ತು. ಅಷ್ಟೇ. ಕೆಳಗೆ ಆಧಾರವಿರಲಿಲ್ಲ. ಶಶಿಧರ್ ಕೆಂಡವಾದರು. ಕೂಡಲೇ ತೆಗೆಸಬೇಕೆಂದು ಸುನಿಲನಿಗೆ ಹೇಳಿದರು. ನಮ್ಮ ಕಸುಬಿನ ಲೆಕ್ಕದಲ್ಲಿ ಇದಕ್ಕಿಂತ ಸುಲಭದ ಕೆಲಸವಿಲ್ಲ. ಆಧಾರವಿಲ್ಲದ ಸಾಲು, ಅದಕ್ಕೆ ಎದುರಾಗಿ ಹಳೆಯ ಪತ್ರಿಕೆಯೊಂದರ ಲೇಖನವೇ ಇತ್ತು. ‘ಒಂಟಿ ಕೈಯಲ್ಲಿ ಕಟ್ಟಿದ ಕಾರ್ಖಾನೆ’ ಎಂಬ ತಲೆಬರಹ. ಪುಟದ ಕೆಳಗಿನ ಮೊದಲನೆಯ ಆಧಾರವೇ ಅದು. ನಾನು ಅದನ್ನು ತೆರೆದು ಪರದೆ ಅವರ ಕಡೆಗೆ ತಿರುಗಿಸಿದೆ. ಲೇಖನದ ಮೇಲೆ ಬರೆದವರ ಹೆಸರಿತ್ತು, ಪುಟ್ಟಮಾದಯ್ಯ ಎಂದು.

ಅವರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಲು ಮರೆತರು. ಲೇಖನದ ಜೊತೆಗಿದ್ದ ಫೋಟೋದಲ್ಲಿ ಕೋಟು ಹಾಕಿದ ಎಳೆಯ ಶಶಿಧರ್ ನಿಂತಿದ್ದರು. ಪಕ್ಕದಲ್ಲಿ ಕತ್ತರಿ ಹಿಡಿದ ಒಬ್ಬ ಹೆಂಗಸು. ಕೆಳಗೆ ‘ಸಿಬ್ಬಂದಿಯೊಬ್ಬರೊಂದಿಗೆ ಮಾಲೀಕರು’ ಎಂದು ಬರೆದಿತ್ತು.

"ಇವಳೇ ರತ್ನಮ್ಮ," ಅಂದರು.

ಆಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಕಾಫಿ ತಣ್ಣಗಾಗುವವರೆಗೂ ಕೂತು ಹೇಳಿದರು. "ಫ್ಯಾಕ್ಟ್ರಿ ತೋರ್ಸಿದ್ದು ಆವಮ್ಮನೇ ಕಣಮ್ಮ. ಅವ್ರು ಫೋಟೋಕ್ಕೆ ಕೋಟು ಹಾಕ್ಕೊಳಕ್ಕೆ ಹೋಗಿದ್ರು. ಮಿಷನ್ ನಂದು, ಕಟಿಂಗ್ ನಂದು, ಆರ್ಡರ್ ತರೋದು ಅವ್ರು, ಇಬ್ರೂ ಸೇರಿ ಮಾಡಿದ್ದು ಅಂತ ಬಾಯ್ಬುಟ್ಟು ಹೇಳುದ್ಲು. ನಮ್ಮ ಕಡೆಯೋಳು ಅಂತ ಮಾತಲ್ಲೇ ಗೊತ್ತಾಗೋಯ್ತು. ಆಗ ಪೇಪರ್ ಆಫೀಸಲ್ಲಿ ಕೇರಿಯಿಂದ ಬಂದೋನು ನಾನೊಬ್ನೇ. ಅವಳ ಹೆಸರು ಬರುದ್ರೆ, ತನ್ನೋರ್ನ ಮೆರ್ಸಕ್ಕೆ ಬಂದವ್ನೆ ಅಂತಾರೆ ಅಂತ ಎದ್ರುಕೊಂಡೆ. ಒಂಟಿ ಕೈ ಅಂತ ಬರದ್ಬುಟ್ಟೆ."

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಅವರನ್ನು ಹಾಗೆ ಹೆದರಿಸಿಟ್ಟ ಆಫೀಸಿನ ಮೇಲೆ ಇನ್ನೂ ಹೆಚ್ಚು ಬಂದಿತ್ತು.

ಆ ಭಾನುವಾರ ರತ್ನಮ್ಮನನ್ನು ಹುಡುಕಿಕೊಂಡು ನನ್ನ ಸ್ಕೂಟರಿನಲ್ಲಿ ಇಬ್ಬರೂ ಇಲವಾಲಕ್ಕೆ ಹೋದೆವು. ರತ್ನಮ್ಮ ಸಿಕ್ಕಿದರು. ಕಣ್ಣು ಸೋತಿದ್ದರೂ ಸೀರೆಗೆ ಫಾಲ್ಸ್ ಹೊಲಿಯುತ್ತ ಕೂತಿದ್ದರು. ಪುಟ್ಟಮಾದಯ್ಯನವರನ್ನು ನೋಡಿದ ಕೂಡಲೆ ಗುರುತು ಹಿಡಿದು, "ಪೇಪರ್ನೋರು," ಅಂದರು. ಕಾರ್ಖಾನೆ ದೊಡ್ಡದಾದ ಮೇಲೆ ಅವರನ್ನು ಮೊದಲು ಸೂಪರ್‌ವೈಸರ್ ಅಂದರಂತೆ, ಕೊನೆಗೆ ವಯಸ್ಸಾಯಿತು ಮನೆಯಲ್ಲಿರಿ ಅಂದರಂತೆ. ಅರ್ಧ ನಿನ್ನದು ಎಂದು ಶೆಡ್ಡಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿರಲಿಲ್ಲ. ವಿಶ್ವಕೋಶದಲ್ಲಿ ಆ ಸಾಲು ಬರೆದದ್ದು ಅವರ ಮಗಳು, ಆಸ್ಪತ್ರೆಯಲ್ಲಿ ನರ್ಸು. ಪುಟ್ಟಮಾದಯ್ಯನವರು ತಾವು ಈಗ ಮಾಡುವ ಕೆಲಸವನ್ನೂ, ಯಾರ ದುಡ್ಡಿನಲ್ಲಿ ಮಾಡುತ್ತಿದ್ದೇವೆಂಬುದನ್ನೂ ಮುಚ್ಚಿಡದೆ ಹೇಳಿದರು. ರತ್ನಮ್ಮ ಸೂಜಿ ನಿಲ್ಲಿಸಲಿಲ್ಲ.

"ನಂಗೆ ಅವ್ರ ಪಾಲು ಬ್ಯಾಡ ಸಾಮಿ," ಅಂದರು. "ನಾನು ಕೂಲಿಯೋಳಲ್ಲ ಅಂತ ಒಂದು ಕಡೆ ಇರ್ಲಿ. ಸಾಯೋ ತಂಕ ಅದೊಂದು ಇದ್ರೆ ಸಾಕು."

ಸೋಮವಾರ ಬೆಳಗ್ಗೆ ಅವರು ಚರ್ಚೆಪುಟದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದರು. ತನಗೆ ಶಶಿಧರ್ ಅವರ ಕಡೆಯಿಂದ ಹಣ ಬರುತ್ತದೆ, ರತ್ನಮ್ಮನವರ ಹೆಸರಿರುವ ಸಾಲನ್ನು ತೆಗೆಸಲು ತನಗೆ ಹೇಳಲಾಗಿದೆ, ಆದರೆ ಆ ಸಾಲು ನಿಜ, ಪುಟದ ಮೊದಲ ಆಧಾರವಾದ ಲೇಖನವೇ ತಪ್ಪು, ಆ ತಪ್ಪು ಬರೆದವನು ತಾನೇ, ದಯವಿಟ್ಟು ಸಾಲನ್ನು ಉಳಿಸಿ ಎಂದು. ಬರೆದ ಮೇಲೆ ನನ್ನ ಕಡೆ ತಿರುಗಿ, ಕೆಲಸ ಹೋದರೂ ಹೋಗಲಿ ಅಂದರು. ಆ ಬೆಳಗ್ಗೆ ಅವರು ಹತ್ತು ವರ್ಷ ಚಿಕ್ಕವರಂತೆ ಕಂಡರು.

ಉತ್ತರ ಬಂತು. ಮರ್ಯಾದೆಯಿಂದಲೇ ಬಂತು, ಅದೇ ಇನ್ನೂ ಹೆಚ್ಚು ಉರಿಸಿತು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ. ಆದರೆ ಒಬ್ಬರ ನೆನಪನ್ನು ಆಧಾರವೆಂದು ಒಪ್ಪಲಾಗದು, ಅದರಲ್ಲೂ ಹಣ ಪಡೆಯುವವರ ನೆನಪನ್ನು. ಅಚ್ಚಾದ ಲೇಖನ ಒಬ್ಬರೇ ಸ್ಥಾಪಕರು ಎನ್ನುತ್ತದೆ. ಆ ಪತ್ರಿಕೆ ತಿದ್ದುಪಡಿ ಪ್ರಕಟಿಸಿದರೆ ತನ್ನಿ, ನೋಡೋಣ. ಆಧಾರವಿಲ್ಲದ ಸಾಲೊಂದು ಇಲ್ಲಿರುವುದನ್ನು ಗಮನಕ್ಕೆ ತಂದಿದ್ದೀರಿ, ಅದನ್ನು ತೆಗೆದಿದ್ದೇನೆ.

ನನಗೆ ಆ ಸ್ವಯಂಸೇವಕರ ಮೇಲೆ ತಪ್ಪು ಹೊರಿಸಲು ಬಾಯಿಲ್ಲ. ಕಂಡಕಂಡವರ ನೆನಪನ್ನೆಲ್ಲ ನಂಬಿದರೆ ಶಶಿಧರ್ ಎಂದೋ ಡಾಕ್ಟರಾಗಿರುತ್ತಿದ್ದರು. ಆದರೆ ಪುಟ್ಟಮಾದಯ್ಯನವರು ಸುಮ್ಮನಿದ್ದಿದ್ದರೆ ಆ ಸಾಲು ಇನ್ನಷ್ಟು ದಿನ ಉಳಿಯುತ್ತಿತ್ತು. ಬಾಗಿಲಲ್ಲಿ ನಿಂತು ಕೂಗಿದ್ದರಿಂದಲೇ ಹೋಯಿತು. ಈ ಅನ್ಯಾಯವನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಅವರು ತಮ್ಮ ಹಳೆಯ ಪತ್ರಿಕೆಯ ಕಚೇರಿಗೆ ಹೋದರು. ಈಗಿನ ಸಂಪಾದಕ ಅವರ ಕೈ ಕೆಳಗೆ ಕೆಲಸ ಕಲಿತವನು. ಎದ್ದು ನಿಂತು ಕುರ್ಚಿ ಕೊಟ್ಟನಂತೆ, ಕಾಲಿಗೂ ನಮಸ್ಕಾರ ಮಾಡಿದನಂತೆ. ಇಷ್ಟು ವರ್ಷದ ಮೇಲೆ ತಿದ್ದುಪಡಿ ಹಾಕಿದರೆ ಜನ ನಗುತ್ತಾರೆ, ಅಲ್ಲದೆ ಶಶಿಧರ್ ಪ್ರತಿ ಜೂನಿನಲ್ಲಿ ಪೂರ್ತಿ ಪುಟ ಜಾಹೀರಾತು ಕೊಡುವವರು, ಬೇಡಿ ಸಾರ್ ಅಂದನಂತೆ. ವಾಪಸು ಬಂದವರು ನೀರು ಕುಡಿದು, "ನಾನೇ ಕಲ್ಸಿದ್ದು ಕಣಮ್ಮ, ಅಚ್ಚಾದ ಮೇಲೆ ಮುಗೀತು ಅಂತ," ಅಂದರು.

ಎಲ್ಲಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಶಶಿಧರ್ ಪುಟ ನೋಡಿದರು, ರತ್ನಮ್ಮನ ಹೆಸರು ಇರಲಿಲ್ಲ. ಚರ್ಚೆಪುಟವನ್ನು ಅವರು ಓದುವವರಲ್ಲ, ಸುನಿಲನೂ ಓದುವವನಲ್ಲ. ಪುಟ್ಟಮಾದಯ್ಯನವರ ಕೆಲಸ ಹೋಗಲಿಲ್ಲ, ಅವರ ಬೆನ್ನು ತಟ್ಟಿದರು. ಮತ್ತೆ ಡ್ರೈವರ್ ಬಂದ, ಮತ್ತೆ ಅಷ್ಟೇ ದೊಡ್ಡ ಡಬ್ಬಿ. ಈ ಸಲ ‘ಪುಟ್ಟಮಾದಯ್ಯನವರಿಗೆ’ ಎಂದೇ ಹೇಳಿ ಕಳಿಸಿದ್ದರು. ಅವರು ಡಬ್ಬಿಯನ್ನು ಮುಟ್ಟಲಿಲ್ಲ. ಸಂಜೆಯವರೆಗೆ ಅದರ ಮುಂದೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ಆ ತಿಂಗಳೇ ಕೆಲಸ ಬಿಟ್ಟರು. ಯಾಕೆಂದು ಸುನಿಲ ಕೇಳಿದ್ದಕ್ಕೆ, ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂದರು. ನನ್ನ ಹತ್ತಿರ ಮಾತ್ರ, "ಜೀವಮಾನದಲ್ಲಿ ಒಂದೇ ಒಂದು ನಿಜ ಉಳ್ಸಿ ಅಂತ ಕೇಳ್ದೆ ಕಣಮ್ಮ. ಅದುಕ್ಕೆ ನಾನ್ ಬರದಿದ್ದ ಸುಳ್ಳೇ ಅಡ್ಡ ನಿಂತ್ಕೊಬುಡ್ತು," ಅಂದರು.

ಮಳೆಗಾಲ ಮುಗಿಯುವಷ್ಟರಲ್ಲಿ ಹೋಗಿಬಿಟ್ಟರು, ಹೃದಯಾಘಾತ. ನಾನು ಹೋದಾಗ ಮನೆಯ ಮುಂದೆ ಬುದ್ಧವಂದನೆ ಹೇಳುತ್ತಿದ್ದರು. ರತ್ನಮ್ಮ ಬಸ್ಸಿನಲ್ಲಿ ಬಂದು, ಬಿಳಿ ಸೇವಂತಿಗೆ ಹಿಡಿದು, ಮಲಗಿಸಿದ್ದ ಅವರ ತಲೆಯ ಪಕ್ಕದಲ್ಲಿ ನಿಂತಿದ್ದರು. ಅಷ್ಟರಲ್ಲಿ ಶಶಿಧರ್ ಕಾರು ಬಂತು. ತನ್ನನ್ನು ಮೊದಲು ಲೋಕಕ್ಕೆ ಪರಿಚಯಿಸಿದ ಪತ್ರಕರ್ತನಿಗೆ ಹಾರ ತಂದಿದ್ದರು. ರತ್ನಮ್ಮನನ್ನು ನೋಡಿದರು, ನೋಡದವರ ಹಾಗೆ ಮುಂದೆ ಬಂದು ಹಾರ ಹಾಕಿ ಕೈ ಮುಗಿದರು. ಪತ್ರಿಕೆಯ ಫೋಟೋಗ್ರಾಫರ್ ಎರಡು ಸಲ ಕ್ಲಿಕ್ಕಿಸಿದ.

ಮಾರನೆಯ ದಿನದ ಪತ್ರಿಕೆಯಲ್ಲಿ ಅದು ಬಂತು. ‘ಹಿರಿಯ ಪತ್ರಕರ್ತ ಪುಟ್ಟಮಾದಯ್ಯ ಅವರಿಗೆ ಅಂತಿಮ ನಮನ ಸಲ್ಲಿಸುತ್ತಿರುವ ಉದ್ಯಮಿ ಶಶಿಧರ್.’ ಪಕ್ಕದಲ್ಲಿ, ಪೂರ್ತಿ ಕಾಣುವ ಹಾಗೆ, ಹೂವು ಹಿಡಿದ ರತ್ನಮ್ಮ. ಹೆಸರಿಲ್ಲ. ನಾನು ಆ ಪತ್ರಿಕೆ ಹಿಡಿದು ಸಿಟ್ಟಿನಲ್ಲಿ ಇಲವಾಲದವರೆಗೂ ಹೋದೆ. ರತ್ನಮ್ಮ ಕಣ್ಣಿನ ಹತ್ತಿರ ಹಿಡಿದು ನೋಡಿದರು, ಕೆಳಗಿನ ಸಾಲನ್ನು ನನ್ನಿಂದ ಓದಿಸಿದರು.

"ಇರ್ಲಿ ಬುಡವ್ವ," ಅಂದರು, ಫೋಟೋದ ಮೇಲೆ ಬೆರಳಿಟ್ಟು. "ನನ್ನೆಸ್ರು ಇರ್ಲಿ ಅಂತ ಕೇಳೋರು ಒಬ್ರಿದ್ರು. ಅವ್ರೇ ಮಲ್ಗವ್ರಲ್ಲ ಇಲ್ಲಿ, ಹೂವು ಹಾಕ್ಕೊಂಡು."